ಮೋಟಾರ್‌ಸೈಕಲ್ ಚಿತ್ರಾಲಂಕಾರ: ಬೀದರ್, ಭಾಲ್ಕಿ, ಔರಾದ್

ಮೋಟಾರ್‌ಸೈಕಲ್ ಚಿತ್ರಾಲಂಕಾರವೆಂದರೆ ಕಾರ್ಖಾನೆಯಿಂದ ಬಂದ ಗಾಡಿಯ ಪೆಟ್ರೋಲ್ ಟ್ಯಾಂಕ್, ಪಕ್ಕದ ಡಬ್ಬಿ, ಮಡ್‌ಗಾರ್ಡ್, ಹೆಡ್‌ಲೈಟಿನ ಕವಚ ಮೊದಲಾದ ಭಾಗಗಳ ಮೇಲೆ ಮಾಲೀಕನ ಇಚ್ಛೆಯಂತೆ ಚಿತ್ರ, ಗೆರೆ ಮತ್ತು ಅಕ್ಷರಗಳನ್ನು ಮೂಡಿಸುವ ಕಲೆ. ಗಾಳಿಯ ಒತ್ತಡದಿಂದ ಬಣ್ಣ ಚಿಮ್ಮಿಸುವ ಏರ್‌ಬ್ರಷ್ ಇದರ ಮುಖ್ಯ ಸಾಧನ. ಕುಂಚದ ಕೆಲಸವೂ ಕತ್ತರಿಸಿ ಅಂಟಿಸುವ ರೇಡಿಯಂ ಸ್ಟಿಕರ್ ಕೆಲಸವೂ ಇದೇ ಕಲೆಯ ಬೇರೆ ಎರಡು ದಾರಿಗಳು; ಬೀದರ್ ಜಿಲ್ಲೆಯಂತಹ ಕಡೆ ಮೂರನ್ನೂ ಬಿಡಿಸಿ ನೋಡುವುದು ಕಷ್ಟ. ಈ ಲೇಖನದಲ್ಲಿ ‘ನೆಲ’ ಎಂದರೆ ಚಿತ್ರದ ಕೆಳಗಿನ ಮೂಲ ಬಣ್ಣ, ‘ಮುಸುಕು’ ಎಂದರೆ ಬಣ್ಣ ತಾಗಬಾರದ ಜಾಗಕ್ಕೆ ಹಾಕುವ ಟೇಪು ಅಥವಾ ಹಾಳೆ, ‘ಅಂಚುಗೆರೆ’ ಎಂದರೆ ಟ್ಯಾಂಕಿನ ಬಾಹ್ಯರೇಖೆಯನ್ನು ಅನುಸರಿಸುವ ಸಣ್ಣ ಗೆರೆ, ‘ಮೇಲುಲೇಪ’ ಎಂದರೆ ಚಿತ್ರವನ್ನು ಕಾಪಾಡುವ ಪಾರದರ್ಶಕ ಲ್ಯಾಕರ್.

ಉಗಮ

ಬಣ್ಣ ಸಿಂಪಡಿಸುವ ಕೈ ಉಪಕರಣ ಅಮೆರಿಕದಲ್ಲಿ 1870ರ ದಶಕದಲ್ಲಿ ರೂಪುಗೊಂಡಿತು. ಅಯೋವಾ ರಾಜ್ಯದ ಆಬ್ನರ್ ಪೀಲರ್ 1879ರ ಹೊತ್ತಿಗೆ ಕೆಲಸಕ್ಕೆ ಬರುವಂಥ ಒಂದು ಮಾದರಿಯನ್ನು ಸಿದ್ಧಪಡಿಸಿದ. ಚಾರ್ಲ್ಸ್ ಬರ್ಡಿಕ್ 1890ರ ದಶಕದಲ್ಲಿ ಅದಕ್ಕೆ ಪೆನ್ನಿನಂತೆ ಹಿಡಿಯಬಹುದಾದ ಇಂದಿನ ರೂಪ ಕೊಟ್ಟ. ಬಹುಕಾಲ ಅದು ಛಾಯಾಚಿತ್ರ ತಿದ್ದುವವರ ಮತ್ತು ಜಾಹೀರಾತು ಕಲಾವಿದರ ಸಾಧನವಾಗಿಯೇ ಉಳಿದಿತ್ತು. ಎರಡನೆಯ ಮಹಾಯುದ್ಧದ ಬಳಿಕ ದಕ್ಷಿಣ ಕ್ಯಾಲಿಫೋರ್ನಿಯಾದ ಗ್ಯಾರೇಜುಗಳಲ್ಲಿ ವಾನ್ ಡಚ್ ಎಂದು ಹೆಸರಾದ ಕೆನ್ನೆತ್ ಹೊವರ್ಡ್, ಎಡ್ ರಾತ್ ಮುಂತಾದವರು ಕಾರು, ಮೋಟಾರ್‌ಸೈಕಲ್‌ಗಳ ಮೇಲೆ ಅಂಚುಗೆರೆ, ಜ್ವಾಲೆ, ವಿಕಾರ ಮುಖಗಳನ್ನು ಬರೆದು ಒಂದು ಶೈಲಿಯನ್ನೇ ಹುಟ್ಟುಹಾಕಿದರು. 1969ರ ‘ಈಜಿ ರೈಡರ್’ ಚಲನಚಿತ್ರದಲ್ಲಿ ನಕ್ಷತ್ರ–ಪಟ್ಟೆಗಳ ಧ್ವಜ ಬರೆದ ಟ್ಯಾಂಕು ಇಡೀ ಲೋಕದ ಕಣ್ಣಿಗೆ ಬಿತ್ತು.

ಭಾರತದಲ್ಲಿ ಟ್ಯಾಂಕಿನ ಮೇಲೆ ಕೈಯಿಂದ ಗೆರೆ ಎಳೆಯುವ ಪದ್ಧತಿ ಕಾರ್ಖಾನೆಯಿಂದಲೇ ಬಂದದ್ದು. 1955ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಎನ್‌ಫೀಲ್ಡ್ ಇಂಡಿಯಾ ಕಂಪನಿಯ ಬುಲೆಟ್ ಗಾಡಿಗಳ ಟ್ಯಾಂಕಿಗೆ ಬಂಗಾರದ ಬಣ್ಣದ ಅಂಚುಗೆರೆಯನ್ನು ಅಳತೆಪಟ್ಟಿ, ಟೇಪು ಏನೂ ಇಲ್ಲದೆ ಕುಂಚದಿಂದಲೇ ಎಳೆಯುತ್ತಿದ್ದರು. ಒಂದೇ ಕುಟುಂಬದವರು ಈ ಕೆಲಸವನ್ನು ಮುಂದುವರಿಸಿಕೊಂಡು ಬಂದರು. ‘ಮದ್ರಾಸ್ ಸ್ಟ್ರೈಪ್’ ಎಂಬ ಹೆಸರು ಅದಕ್ಕೆ ಅಂಟಿತು. ಕರ್ನಾಟಕದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಗಾಡಿಗಳನ್ನು ತಯಾರಿಸಿತು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಸಹ 1996ರಲ್ಲೇ ನಿಂತುಹೋಯಿತು. ಹಳೆಯ ಗಾಡಿಗೆ ಹೊಸ ಬಣ್ಣ ಹಾಕಿಸುವ ಹುಚ್ಚು ಹೆಚ್ಚಾಗಿ ಇರುವುದು ಈ ಮೂರರ ಸುತ್ತಲೇ.

ಬೀದರ್ ಸೀಮೆಯಲ್ಲಿ ಈ ಕಲೆಯ ಹಿಂದಿನ ತಲೆಮಾರೆಂದರೆ ಅಂಗಡಿ ಬೋರ್ಡು, ಲಾರಿ, ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಪೇಂಟರುಗಳು. ನಿಜಾಮರ ಆಡಳಿತದಲ್ಲಿ ಸರಕಾರಿ ಭಾಷೆ ಉರ್ದು ಆಗಿತ್ತು. ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದರೆಂಬುದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಮರಾಠಿ ಮಾತಾಡುವ ಊರುಗಳೂ ತೆಲುಗು ಮಾತಾಡುವ ಊರುಗಳೂ ಪಕ್ಕದಲ್ಲೇ ಇದ್ದವು. ಇಂಥ ಕಡೆ ಬೋರ್ಡು ಬರೆಯುವವನಿಗೆ ಒಂದೇ ಲಿಪಿ ಬಂದರೆ ಹೊಟ್ಟೆ ತುಂಬುತ್ತಿರಲಿಲ್ಲ. ಫ್ಲೆಕ್ಸ್ ಬ್ಯಾನರ್ ಬಂದ ಮೇಲೆ ಅವರ ಕೆಲಸ ಕುಸಿಯಿತು. ವಾಹನದ ಡೆಂಟಿಂಗ್–ಪೇಂಟಿಂಗ್ ಮಾತ್ರ ಉಳಿಯಿತು, ಏಕೆಂದರೆ ನೆಗ್ಗಿದ ತಗಡನ್ನು ಯಾವ ಮುದ್ರಣ ಯಂತ್ರವೂ ಸರಿಪಡಿಸುವುದಿಲ್ಲ.

ಮೇಲ್ಮೈ

ಯಾವ ಚಿತ್ರ ಎಲ್ಲಿ ಕೂರುತ್ತದೆ ಎಂಬುದನ್ನು ಮಾಲೀಕನ ರುಚಿಗಿಂತ ಮೊದಲು ಗಾಡಿಯ ಮೈಯೇ ನಿರ್ಧರಿಸುತ್ತದೆ. ಬುಲೆಟ್ಟಿನ ಟ್ಯಾಂಕು ಮುಂದೆ ದಪ್ಪವಾಗಿ, ಹಿಂದೆ ಸಣ್ಣಗಾಗುವ ಹನಿಯ ಆಕಾರದ್ದು. ಅದರ ಬದಿಗಳಲ್ಲಿ ಮೊಣಕಾಲು ತಾಗುವ ಕಡೆ ಹಲವು ಮಾದರಿಗಳಲ್ಲಿ ರಬ್ಬರ್ ಪ್ಯಾಡ್ ಇರುತ್ತದೆ. ಚಿತ್ರಕ್ಕೆ ಉಳಿಯುವುದು ಪ್ಯಾಡಿನ ಮುಂದಿನ ಉಬ್ಬು ಮತ್ತು ಮೇಲ್ಭಾಗ. ಸ್ಪ್ಲೆಂಡರ್‌ನಂತಹ ದಿನಬಳಕೆಯ ಗಾಡಿಗಳ ಟ್ಯಾಂಕು ಉದ್ದವಾಗಿ ಮಟ್ಟಸವಾಗಿದೆ; ಪಟ್ಟೆ, ಅಕ್ಷರಗಳಿಗೆ ಅನುಕೂಲ, ಮುಖಚಿತ್ರಕ್ಕೆ ಅಷ್ಟಕ್ಕಷ್ಟೆ. ಇತ್ತೀಚಿನ ಸ್ಪೋರ್ಟ್ಸ್ ಬೈಕುಗಳಲ್ಲಿ ತಗಡಿಗಿಂತ ಪ್ಲಾಸ್ಟಿಕ್ ಹೆಚ್ಚು. ಪ್ಲಾಸ್ಟಿಕ್ಕಿಗೆ ಬೇರೆ ಪ್ರೈಮರ್ ಹಾಕದಿದ್ದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ.

ಉಬ್ಬಿದ ಮೈಮೇಲೆ ಮುಖ ಬರೆಯುವುದು ಈ ಕಲೆಯ ಕಠಿಣ ಭಾಗ. ಕಾಗದದ ಮೇಲೆ ಸರಿಯಾಗಿ ಕಂಡ ಮುಖ ಟ್ಯಾಂಕಿನ ಮೇಲೆ ಬದಿಗಳಲ್ಲಿ ಹಿಗ್ಗುತ್ತದೆ; ಒಂದು ಕಣ್ಣು ಮೇಲಿನ ತಿರುವಿಗೆ ಹೋದರೆ ಮುಖ ಓರೆಯಾಗುತ್ತದೆ. ನುರಿತವರು ಮೂಗಿನ ಗೆರೆಯನ್ನು ಉಬ್ಬಿನ ನಡುವೆ ಇಟ್ಟು ಕೆನ್ನೆಗಳನ್ನು ತುಸು ಕಿರಿದು ಮಾಡಿ ಬರೆಯುತ್ತಾರೆ. ಗಾಡಿಯಿಂದ ಎರಡು ಮೂರು ಮಾರು ದೂರ ನಿಂತು ನೋಡಿದಾಗ ಸರಿ ಕಾಣಬೇಕು ಎಂಬುದೇ ಅಳತೆ.

ಇನ್ನೊಂದು ನಿಯಮ ಎಲ್ಲಿಯೂ ಬರೆದಿಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ. ದೇವರ, ಶರಣರ, ಗುರುಗಳ ಚಿತ್ರವನ್ನು ಕಾಲು ತಾಗುವ ಕಡೆ, ಸೀಟಿನ ಕೆಳಗೆ ಅಥವಾ ಕೆಸರು ಹಾರುವ ಮಡ್‌ಗಾರ್ಡಿನ ತುದಿಯಲ್ಲಿ ಬರೆಯುವುದಿಲ್ಲ. ಆ ಚಿತ್ರಗಳು ಹೆಡ್‌ಲೈಟಿನ ಮೇಲಿನ ಕವಚಕ್ಕೋ ವೈಸರ್‌ಗೋ ಟ್ಯಾಂಕಿನ ನೆತ್ತಿಗೋ ಹೋಗುತ್ತವೆ. ಕುರಾನಿನ ಅಕ್ಷರಗಳಿಗೂ ಗುರ್ಮುಖಿ ಅಕ್ಷರಗಳಿಗೂ ಇದೇ ಮರ್ಯಾದೆ. ಹುಲಿ, ಜ್ವಾಲೆ, ತಲೆಬುರುಡೆಗಳಿಗೆ ಈ ನಿರ್ಬಂಧವಿಲ್ಲ. ಹೀಗಾಗಿ ಹೊರಗಿನಿಂದ ಬಂದ ವಿನ್ಯಾಸಗಳು ಬದಿಗಳಲ್ಲೂ ಮನೆಯ ದೇವರು ಮುಂದೆಯೂ ನೆಲೆ ನಿಲ್ಲುತ್ತವೆ. ಒಂದೇ ಗಾಡಿಯಲ್ಲಿ ಎರಡೂ ಇದ್ದರೂ ಯಾರಿಗೂ ಅಸಂಗತ ಅನ್ನಿಸುವುದಿಲ್ಲ.

ಕೆಲಸದ ಕ್ರಮ

ಟ್ಯಾಂಕನ್ನು ಬಿಚ್ಚಿ, ಪೆಟ್ರೋಲ್ ಖಾಲಿ ಮಾಡಿ, ಒಳಗಿನ ಆವಿ ಹೋಗುವವರೆಗೆ ತೆರೆದಿಡುವುದರಿಂದ ಕೆಲಸ ಶುರುವಾಗುತ್ತದೆ. ಹಳೆಯ ಸ್ಟಿಕರ್ ಕಿತ್ತು, ಎಣ್ಣೆಯ ಜಿಡ್ಡನ್ನು ಥಿನ್ನರಿನಿಂದ ಒರೆಸಿ, ನೆಗ್ಗು ಇದ್ದಲ್ಲಿ ಪುಟ್ಟಿ ತುಂಬಿ, ನೀರು ಹಾಕಿ ಪಾಲಿಶ್ ಕಾಗದದಿಂದ ಉಜ್ಜುತ್ತಾರೆ. 220ರಿಂದ 320ರ ಒರಟು ಕಾಗದದಲ್ಲಿ ಆರಂಭಿಸಿ 600, 800ಕ್ಕೆ ಬರುತ್ತಾರೆ. ಬಳಿಕ ಪ್ರೈಮರ್, ಅದರ ಮೇಲೆ ನೆಲ. ನೆಲ ಒಣಗಿದ ಮೇಲೆ ಸೀಮೆಸುಣ್ಣ ಅಥವಾ ಬಿಳಿ ಪೆನ್ಸಿಲ್ಲಿನಿಂದ ಗುರುತು ಹಾಕಿ, ಮುಸುಕು ಅಂಟಿಸಿ, ಏರ್‌ಬ್ರಷ್ ಹಿಡಿಯುತ್ತಾರೆ.

ಏರ್‌ಬ್ರಷ್ಷಿನಲ್ಲಿ ಒಂದೇ ಗುಂಡಿ. ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಎಷ್ಟು ಎಳೆಯಬೇಕು ಎಂಬ ಹಿಡಿತವೇ ಇಡೀ ವಿದ್ಯೆ. ಕೂದಲು, ರೆಪ್ಪೆಯಂತಹ ಸಣ್ಣ ಕೆಲಸಕ್ಕೆ 0.2 ಅಥವಾ 0.3 ಮಿ.ಮೀ. ಮೂತಿ, ಹೊಗೆ, ಮೋಡ, ಹಿನ್ನೆಲೆಗೆ 0.5 ಮಿ.ಮೀ. ಮೂತಿ ಬಳಸುತ್ತಾರೆ. ತುದಿ ಹತ್ತಿರವಾದಷ್ಟೂ ಗೆರೆ ಸಣ್ಣ, ದೂರವಾದಷ್ಟೂ ಮಸುಕು. ಬಣ್ಣ ದಪ್ಪವಾದರೆ ಮೂತಿ ಕಟ್ಟುತ್ತದೆ. ನೀರಾದರೆ ಜೇಡರಕಾಲಿನಂತೆ ಹರಿದುಬಿಡುತ್ತದೆ. ಚಿತ್ರ ಮುಗಿದ ಮೇಲೆ ಮೇಲುಲೇಪವನ್ನು ಎರಡು ಮೂರು ಸಲ ಹಾಕಿ, ಅದು ಗಟ್ಟಿಯಾದ ಮೇಲೆ 1500, 2000ದ ಕಾಗದದಿಂದ ಉಜ್ಜಿ, ಕಂಪೌಂಡ್ ಹಚ್ಚಿ ಮಿರುಗಿಸುತ್ತಾರೆ.

ಮೇಲುಲೇಪದ ಆಯ್ಕೆ ಚಿತ್ರದ ಆಯುಸ್ಸನ್ನು ತೀರ್ಮಾನಿಸುತ್ತದೆ. ಹಳೆಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಬೇಗ ಒಣಗುತ್ತದೆ, ಕಡಿಮೆ ಬೆಲೆಯದು, ಆದರೆ ಪೆಟ್ರೋಲ್ ಬಿದ್ದರೆ ಕರಗುತ್ತದೆ. ಟ್ಯಾಂಕಿನ ಮುಚ್ಚಳದ ಸುತ್ತ ಬಣ್ಣ ಸುಕ್ಕುಗಟ್ಟಿದ ಗಾಡಿಗಳಲ್ಲಿ ಸಾಮಾನ್ಯವಾಗಿ ಇದೇ ಕಾರಣ. ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಲೇಪ ಪೆಟ್ರೋಲನ್ನು ತಡೆಯುತ್ತದೆ, ಆದರೆ ಅದರ ಹಾರ್ಡನರ್‌ನಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ. ಮುಖಕ್ಕೆ ಕಟ್ಟಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮಾಸ್ಕೂ ಗಾಳಿ ಹೊರಹಾಕುವ ಫ್ಯಾನೂ ಬೇಕು. ಬೀದರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಜಂಬಿಟ್ಟಿಗೆ ಮಣ್ಣಿನ ಕೆಂಪು ಧೂಳು ಹಸಿ ಲೇಪದ ಮೇಲೆ ಕೂರುತ್ತದೆ, ಬಿಸಿಲಿಗೆ ಬಣ್ಣ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬೀಳುತ್ತದೆ. ಮಳೆಗಾಲದಲ್ಲಿ ಎನ್‌ಸಿ ಲೇಪ ತೇವ ಹೀರಿ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಕೆಲಸದ ಜಾಗಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿ, ಬೆಳಗಿನ ತಂಪಿನಲ್ಲಿ ಲೇಪ ಹಾಕುವುದು ಬೇಸಿಗೆಯ ತೊಂದರೆಗೆ ಸುಲಭದ ಪರಿಹಾರ.

ವಿನ್ಯಾಸ ವಸ್ತುಗಳು: ಹೊರಗಿನಿಂದ ಬಂದವು

ಜ್ವಾಲೆ, ತಲೆಬುರುಡೆ, ರೆಕ್ಕೆ ಬಿಚ್ಚಿದ ಹದ್ದು, ತೋಳ, ಡ್ರ್ಯಾಗನ್, ಚೂಪು ತುದಿಯ ‘ಟ್ರೈಬಲ್’ ಬಳ್ಳಿಗಳು ಜಗತ್ತಿನ ಎಲ್ಲೆಡೆ ಕಾಣುವಂಥವು. ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮಾದರಿ ಪುಸ್ತಕಗಳಿಂದಲೂ ಮೊಬೈಲಿನಿಂದಲೂ ಬಂದು ಹಾಗೆಯೇ ಇಳಿಯುತ್ತವೆ. ಜ್ವಾಲೆಯಲ್ಲಿ ಎರಡು ಬಗೆ. ಹಳೆಯದು ಟೇಪಿನಿಂದ ಅಂಚು ಕತ್ತರಿಸಿದ, ಬಾಲ ಉದ್ದವಾದ, ಅಲಂಕಾರದ ಜ್ವಾಲೆ. ಹೊಸದು ಮುಸುಕನ್ನು ಅಂಟಿಸದೆ ಕೈಯಲ್ಲೇ ಹಿಡಿದು ಆಡಿಸುತ್ತ, ಕಪ್ಪು ನೆಲದ ಮೇಲೆ ಕಿತ್ತಳೆ, ಹಳದಿ, ಪಾರದರ್ಶಕ ಕೆಂಪನ್ನು ಪದರ ಪದರವಾಗಿ ಹಾಕಿ ನಿಜವಾದ ಬೆಂಕಿಯಂತೆ ತೋರಿಸುವುದು. ಎರಡನೆಯದಕ್ಕೆ ಕಪ್ಪು ನೆಲವಿಲ್ಲದೆ ಗತಿಯಿಲ್ಲ.

ಕಪ್ಪು ನೆಲದ ಒಂದು ಗುಣವನ್ನು ಇಲ್ಲಿ ದಾಖಲಿಸಬೇಕು. ಕಪ್ಪಿನ ಮೇಲೆ ಬಿಳಿ ಬಣ್ಣವನ್ನು ತೆಳ್ಳಗೆ ಸಿಂಪಡಿಸಿದರೆ ಅದು ಬಿಳಿಯಾಗಿ ಕಾಣದೆ ನೀಲಿ ಛಾಯೆ ತಳೆಯುತ್ತದೆ. ಬಣ್ಣದ ಸೂಕ್ಷ್ಮ ಕಣಗಳು ಬೆಳಕಿನ ನೀಲಿ ಭಾಗವನ್ನು ಹೆಚ್ಚು ಚದುರಿಸುವುದರಿಂದ ಹೀಗಾಗುತ್ತದೆ. ಹೊಗೆ, ಬೆಳದಿಂಗಳು, ತಲೆಬುರುಡೆಗೆ ಈ ನೀಲಿ ಒಪ್ಪುತ್ತದೆ. ಮನುಷ್ಯರ ಮುಖಕ್ಕೆ ಒಪ್ಪುವುದಿಲ್ಲ, ಹೆಣದ ಕಳೆ ಬರುತ್ತದೆ. ಅದಕ್ಕೇ ಬಿಳಿಗೆ ಒಂದೆರಡು ಹನಿ ಕಂದು ಅಥವಾ ಹಳದಿ ಬೆರೆಸಿ ಸರಿದೂಗಿಸುತ್ತಾರೆ.

ವಿನ್ಯಾಸ ವಸ್ತುಗಳು: ದೇವರು ಮತ್ತು ವ್ಯಕ್ತಿಗಳು

ಇಂದು ವಾಹನಗಳ ಮೇಲೆ ಹೆಚ್ಚು ಕಾಣುವ ದೇವರ ಚಿತ್ರಗಳಲ್ಲಿ ಒಂದರ ಮೂಲ ನಿಖರವಾಗಿ ಗೊತ್ತಿದೆ. ಕೇಸರಿ–ಕಪ್ಪು ಬಣ್ಣದ, ಹುಬ್ಬು ಗಂಟಿಕ್ಕಿದ ಹನುಮಂತನ ಮುಖವನ್ನು 2015ರಲ್ಲಿ ರಚಿಸಿದವರು ಕಾಸರಗೋಡಿನ ಕರಣ್ ಆಚಾರ್ಯ. ಊರಿನ ಗೆಳೆಯರ ಬಾವುಟಕ್ಕಾಗಿ ಬರೆದ ಚಿತ್ರ ಒಂದೆರಡು ವರ್ಷಗಳಲ್ಲಿ ಕಾರಿನ ಹಿಂಬದಿ ಗಾಜಿಗೂ ಬೈಕಿನ ಟ್ಯಾಂಕಿಗೂ ಹತ್ತಿ ದೇಶವೆಲ್ಲ ಹರಡಿತು. ಎರಡೇ ಬಣ್ಣ, ದಪ್ಪ ಛಾಯೆ, ಅರ್ಧ ಮುಖ ಕತ್ತಲಲ್ಲಿ: ಸ್ಟಿಕರ್ ಯಂತ್ರಕ್ಕೂ ಒಂದೇ ಮುಸುಕಿನ ಏರ್‌ಬ್ರಷ್ಷಿಗೂ ಇದಕ್ಕಿಂತ ಅನುಕೂಲವಾದ ಚಿತ್ರ ಸಿಗುವುದಿಲ್ಲ. ಅದು ಹರಡಿದ್ದಕ್ಕೆ ಭಕ್ತಿಯಷ್ಟೇ ಈ ಸೌಲಭ್ಯವೂ ಕಾರಣ. ಶಿವನ ಜಟೆ, ತ್ರಿಶೂಲ, ಡಮರು ಜನಪ್ರಿಯತೆಯಲ್ಲಿ ಅದರ ನಂತರದವು.

ಬೀದರ್ ಸೀಮೆಗೆ ತನ್ನದೇ ದೇವರ ಬಳಗವಿದೆ. ನಗರದ ಅಂಚಿನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ಕಾಣಬೇಕಾದ ಝರಣಿ ನರಸಿಂಹ, ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣ, ಔರಾದಿನ ಅಮರೇಶ್ವರ ಇವರಲ್ಲಿ ಮುಖ್ಯರು. ಕುದುರೆ ಏರಿದ ಮಲ್ಲಣ್ಣ ವಾಹನದ ಮೇಲೆ ಸಹಜವಾಗಿ ಕೂರುವ ದೇವರು. ಟ್ಯಾಂಕಿನ ಇಳಿಜಾರು ಓಡುವ ಕುದುರೆಯ ಬೆನ್ನಿನ ಗೆರೆಗೆ ಹೊಂದುತ್ತದೆ. ಅಮರೇಶ್ವರನ ಲಿಂಗವನ್ನು ವಿಭೂತಿಯ ಮೂರು ಗೆರೆ, ಬಿಲ್ವದೆಲೆಗಳ ಸಂಕೇತದಲ್ಲಿ ಹಿಡಿಯಬಹುದು.

ವ್ಯಕ್ತಿಚಿತ್ರಗಳಲ್ಲಿ ಬಸವಣ್ಣ, ಛತ್ರಪತಿ ಶಿವಾಜಿ, ಡಾ. ಬಿ. ಆರ್. ಅಂಬೇಡ್ಕರ್ ಮೂವರೂ ಜಿಲ್ಲೆಯ ಗಾಡಿಗಳ ಮೇಲೆ ಕಾಣುವವರು. ಬಸವಕಲ್ಯಾಣ ಇದೇ ಜಿಲ್ಲೆಯಲ್ಲಿದೆ; ಭಾಲ್ಕಿಯ ಮಠ ಬಸವತತ್ವದ ಕೇಂದ್ರ. ಮಹಾರಾಷ್ಟ್ರದ ಗಡಿಗೆ ತಾಗಿದ ಭಾಲ್ಕಿ, ಔರಾದ್ ತಾಲ್ಲೂಕುಗಳಲ್ಲಿ ಮರಾಠಿ ಮನೆಮಾತಿನವರು ಬಹಳ. ಮೂವರ ಚಿತ್ರಗಳೂ ಬಾಹ್ಯರೇಖೆಯಿಂದಲೇ ಗುರುತು ಸಿಗುವಂಥವು: ಹಣೆಯ ವಿಭೂತಿ, ಜಿರೇಟೋಪು–ಚೂಪು ಗಡ್ಡ, ಕನ್ನಡಕ–ನೀಲಿ ಕೋಟು. ಛಾಯೆಯ ಕೆಲಸ ಗೊತ್ತಿಲ್ಲದ ಪೇಂಟರನೂ ಅಷ್ಟರಿಂದ ಕೆಲಸ ಸಾಗಿಸಬಲ್ಲ. ಸಿನಿಮಾ ನಟರಲ್ಲಿ ಶಂಕರ್‌ನಾಗ್ ಆಟೋಗಳಿಗೆ ಮೀಸಲು. 2021ರ ಅಕ್ಟೋಬರ್ 29ರಂದು ತೀರಿಕೊಂಡ ಪುನೀತ್ ರಾಜ್‌ಕುಮಾರ್ ನಗುಮುಖ ರಾಜ್ಯದ ಬೈಕುಗಳ ಮೇಲೆಲ್ಲ ಬಂತು.

ಸಿಖ್ಖರ ಖಂಡಾ ಚಿಹ್ನೆಗೆ ಬೀದರಿನಲ್ಲಿ ವಿಶೇಷ ಕಾರಣವಿದೆ. ಗುರು ನಾನಕರ ನೆನಪಿನ ನಾನಕ್ ಝೀರಾ ಸಾಹೇಬ್ ಗುರುದ್ವಾರ ಇಲ್ಲಿದೆ. 1699ರಲ್ಲಿ ಖಾಲ್ಸಾ ಸ್ಥಾಪನೆಯಾದಾಗ ಮುಂದೆ ಬಂದ ಪಂಚ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ನಡುವೆ ಇಬ್ಬಾಯಿ ಕತ್ತಿ, ಸುತ್ತ ಚಕ್ರ, ಎರಡು ಬದಿ ಕಿರ್ಪಾನ್ ಇರುವ ಈ ಚಿಹ್ನೆಯ ಎಡಬಲ ಒಂದೇ ಸಮ. ಅರ್ಧ ಕತ್ತರಿಸಿದ ಮುಸುಕನ್ನು ತಿರುಗಿಸಿ ಇಟ್ಟರೆ ಇನ್ನರ್ಧ ಸಿದ್ಧ.

ವಿನ್ಯಾಸ ವಸ್ತುಗಳು: ಬಿದ್ರಿ ಮತ್ತು ಬೀದರಿನ ಕಟ್ಟಡಗಳು

ಲೋಹದ ಕಪ್ಪು ಮೈಮೇಲೆ ಬೆಳ್ಳಿಯ ಚಿತ್ತಾರ ಮೂಡಿಸುವ ಬಿದ್ರಿ ಕಲೆ ಬೀದರಿಗೇ ಹೆಸರು ತಂದದ್ದು. ಟ್ಯಾಂಕಿನ ಚಿತ್ರಾಲಂಕಾರಕ್ಕೆ ಇಷ್ಟು ಹತ್ತಿರದ ಸಂಬಂಧಿ ಕರ್ನಾಟಕದಲ್ಲಿ ಬೇರೊಂದಿಲ್ಲ. ಸತುವಿಗೆ ಸ್ವಲ್ಪ ತಾಮ್ರ, ಸಾಮಾನ್ಯವಾಗಿ ಹದಿನಾರಕ್ಕೆ ಒಂದರಂತೆ, ಬೆರೆಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಗೊಳಿಸಿ, ಗೆರೆ ಎದ್ದು ಕಾಣಲೆಂದು ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಮೊನೆಯಿಂದ ವಿನ್ಯಾಸ ಗೀರಿ, ಉಳಿಯಿಂದ ಕೊರೆದು, ಕೊರೆದ ಜಾಡಿನಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ತಂತಿಯ ಕೆಲಸ ತಾರಕಶಿ, ತಗಡಿನದು ತೆಹನಿಶಾನ್. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರವನ್ನು ನೀರಿನಲ್ಲಿ ಕಲಸಿ, ತುಸು ಬಿಸಿ ಮಾಡಿದ ಪಾತ್ರೆಗೆ ಉಜ್ಜಿದರೆ ಸತು ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತು ದೊರೆಯಿತು. 2023ರಲ್ಲಿ ಬೀದರಿನ ಹಿರಿಯ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು.

ಬಿದ್ರಿಯ ವಿನ್ಯಾಸಗಳನ್ನು ಟ್ಯಾಂಕಿಗೆ ಇಳಿಸುವಾಗ ಎಲ್ಲವೂ ಒಂದೇ ರೀತಿ ನಡೆಯುವುದಿಲ್ಲ. ನಾಣ್ಯದಂತಹ ಗುಂಡು ಹೂವುಗಳು ಮೈತುಂಬ ಹರಡುವ ಅಶರ್ಫಿ ಬೂಟಿ ಉಬ್ಬಿದ ಮೈಗೆ ಚೆನ್ನಾಗಿ ಒಗ್ಗುತ್ತದೆ. ಸುರಾಹಿ, ಹುಕ್ಕಾ ಬುರುಡೆಗಳ ದುಂಡು ಹೊಟ್ಟೆಯ ಮೇಲೆ ಅದು ಶತಮಾನಗಳಿಂದ ಕೂತಿದೆ. ಹೂವುಗಳನ್ನು ತಿರುವಿನ ಕಡೆ ಚಿಕ್ಕದು ಮಾಡುತ್ತ ಹೋಗುವ ಲೆಕ್ಕವೂ ಅದರಲ್ಲೇ ಇದೆ. ಗಸಗಸೆ ಹೂವಿನ ಗಿಡ ಟ್ಯಾಂಕಿನ ಬದಿಗೆ ಒಂದೊಂದರಂತೆ ನಿಲ್ಲಬಲ್ಲದು. ಬಳ್ಳಿಯ ಅಂಚು ಬುಲೆಟ್ಟಿನ ಬಂಗಾರದ ಅಂಚುಗೆರೆಯ ಜಾಗವನ್ನೇ ಹಿಡಿಯುತ್ತದೆ. ತಾರಕಶಿಯ ಕೂದಲೆಳೆಯ ಕೆಲಸ ಮಾತ್ರ ಏರ್‌ಬ್ರಷ್ಷಿಗೆ ಆಗದು. ಸಿಂಪಡಿಸಿದ ಗೆರೆಯ ಅಂಚು ಯಾವಾಗಲೂ ತುಸು ಮಸುಕು. ಬಿದ್ರಿಯ ಜೀವ ಇರುವುದು ಚೂರಿಯಂಥ ಅಂಚಿನಲ್ಲಿ. ಅಲ್ಲಿ ಉದ್ದ ಕೂದಲಿನ ಕುಂಚ ಬೇಕು, ಇಲ್ಲವೇ ಕತ್ತರಿಸಿದ ಮುಸುಕು ಬೇಕು. ನೆಲದ ಬಗ್ಗೆಯೂ ಎಚ್ಚರ ಅಗತ್ಯ. ಬಿದ್ರಿಯ ಕಪ್ಪು ಮಿರುಗುವ ಕಪ್ಪಲ್ಲ, ಹೊಳಪಿಲ್ಲದ ಕಪ್ಪು. ಮೇಲುಲೇಪ ಪೂರ್ತಿ ಮಿರುಗಿದರೆ ಬಿದ್ರಿಯ ಕಳೆ ಹೋಗಿ ಸ್ಟೀಲ್ ಪಾತ್ರೆಯ ಕಳೆ ಬರುತ್ತದೆ. ಮ್ಯಾಟ್ ಲೇಪವೇ ಸರಿ, ಆದರೆ ಅದನ್ನು ಮತ್ತೆ ಉಜ್ಜಿ ತಿದ್ದಲು ಬರುವುದಿಲ್ಲ.

ಬಹಮನಿ ಮತ್ತು ಬರೀದ್ ಶಾಹಿ ಕಾಲದ ಕಟ್ಟಡಗಳಲ್ಲೂ ಬಳಸದೆ ಬಿಟ್ಟ ಸಾಮಗ್ರಿ ಬೇಕಾದಷ್ಟಿದೆ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ. ಅಲಿ ಬರೀದನ ಕಾಲದ (1542–1580) ಕೆಲಸ. ಚಿಪ್ಪಿನ ಬಣ್ಣ ನೋಡುವ ಕೋನಕ್ಕೆ ತಕ್ಕಂತೆ ಹಸಿರು, ಗುಲಾಬಿಯಾಗಿ ಬದಲಾಗುತ್ತದೆ. ಇಂದಿನ ಪರ್ಲ್ ಬಣ್ಣಗಳಲ್ಲಿ ಅಭ್ರಕದ ಪುಡಿ ಮಾಡುವುದೂ ಇದನ್ನೇ. 1472ರಲ್ಲಿ ಮುಗಿದ ಮಹಮೂದ್ ಗವಾನನ ಮದರಸಾದ ಉಳಿದಿರುವ ಮಿನಾರಿನ ಮೈಮೇಲೆ ಅಂಕುಡೊಂಕು ಪಟ್ಟಿಗಳಲ್ಲಿ ಬಣ್ಣದ ಹೆಂಚುಗಳಿವೆ. ಉದ್ದನೆಯ ದುಂಡು ಮೈಗೆ ಹೊಂದುವ ಆ ಪಟ್ಟಿ ಮಡ್‌ಗಾರ್ಡಿಗೆ ಹೇಳಿ ಮಾಡಿಸಿದಂತಿದೆ. ಅಷ್ಟೂರಿನ ಅಹಮದ್ ಷಾ ವಲಿಯ ಗೋರಿಯ ಒಳಮಾಳಿಗೆಯಲ್ಲಿ ಕೆಂಪು, ನೀಲಿ, ಬಂಗಾರದ ಬಣ್ಣಗಳಲ್ಲಿ ಬರೆದ ಅಕ್ಷರಚಿತ್ರಗಳು ಇಂದಿಗೂ ಉಳಿದಿವೆ. ಅವು ಧಾರ್ಮಿಕ ಬರಹಗಳಾದ್ದರಿಂದ ಹಾಗೆಯೇ ನಕಲು ಮಾಡುವುದು ಯೋಗ್ಯವಲ್ಲ; ಬಣ್ಣಗಳ ಜೋಡಣೆಯನ್ನಷ್ಟೇ ಅಲ್ಲಿಂದ ಕಲಿಯಬಹುದು.

ವಿನ್ಯಾಸ ವಸ್ತುಗಳು: ಪ್ರಾಣಿಗಳು, ವಿಮಾನಗಳು

ಹುಲಿ, ಸಿಂಹ, ತೋಳಗಳ ನಡುವೆ ಈ ಸೀಮೆಯ ಎರಡು ಪ್ರಾಣಿಗಳಿಗೆ ಜಾಗ ಸಿಕ್ಕಿರುವುದು ಕಡಿಮೆ. ಒಂದು ಕೃಷ್ಣಮೃಗ. ಬೀದರ್ ಸುತ್ತಲಿನ ಹುಲ್ಲುಗಾವಲುಗಳಲ್ಲಿ ಅದು ಹಿಂಡಾಗಿ ಕಾಣುತ್ತದೆ. ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕೊಂಬು ತಿರುಪಿನಂತೆ. ಕಪ್ಪು ನೆಲದ ಮೇಲೆ ಹೊಟ್ಟೆ, ಕಣ್ಣಿನ ಸುತ್ತಲಿನ ಬಿಳಿ ಉಂಗುರ ಮತ್ತು ಕೊಂಬಿನ ಬಳೆಗಳನ್ನು ಮಾತ್ರ ಬರೆದರೆ ಮಿಕ್ಕದ್ದನ್ನು ನೆಲವೇ ತುಂಬಿಕೊಡುತ್ತದೆ. ಇನ್ನೊಂದು ದೇವಣಿ ಎತ್ತು. ಲಾತೂರಿನ ದೇವಣಿಯಿಂದ ಔರಾದ್, ಭಾಲ್ಕಿವರೆಗಿನ ಈ ತಳಿಯಲ್ಲಿ ಮೈ ಬಿಳಿಯಾಗಿ ಮುಖದ ಬದಿ ಕಪ್ಪಾಗಿರುವುದು ವನ್ನೇರಾ, ಬಿಳಿ ಮೈಮೇಲೆ ಕ್ರಮವಿಲ್ಲದ ಕಪ್ಪು ಮಚ್ಚೆಗಳಿರುವುದು ಶೇವರಾ. ಹಬ್ಬದ ದಿನ ಎತ್ತಿನ ಕೊಂಬಿಗೆ ಬಣ್ಣ ಬಳಿದು ಮೈಗೆ ಚಿತ್ತಾರ ಹಾಕುವ ರೈತನ ಮನೆಯ ಹುಡುಗನೇ ಇಂದು ಬೈಕಿಗೂ ಬಣ್ಣ ಹಾಕಿಸುವವನು.

ಬೀದರಿನ ವಾಯುಪಡೆ ನೆಲೆ ತರಬೇತಿಗೆ ಹೆಸರಾದದ್ದು. 2008ರಿಂದ ಹಾಕ್ ವಿಮಾನಗಳಲ್ಲಿ ಪೈಲಟ್‌ಗಳು ಇಲ್ಲಿ ಕಲಿಯುತ್ತಿದ್ದಾರೆ. 1996ರಲ್ಲಿ ಆರಂಭವಾದ ಸೂರ್ಯಕಿರಣ ವಾಯುಕಸರತ್ತು ತಂಡದ ಮನೆಯೂ ಇದೇ. 2011ರಲ್ಲಿ ನಿಂತಿದ್ದ ತಂಡ 2015ರಲ್ಲಿ ಹಾಕ್ ವಿಮಾನಗಳೊಂದಿಗೆ ಮರಳಿತು. ಕೆಂಪು–ಬಿಳಿ ಮೈಯ ಈ ವಿಮಾನಗಳು ನಗರದ ಮಕ್ಕಳಿಗೆ ಹುಟ್ಟಿನಿಂದ ಪರಿಚಿತ. ಕೆಂಪು ನೆಲ, ಬಿಳಿ ಪಟ್ಟೆ, ಹಿಂದಕ್ಕೆ ಹರಿಯುವ ಹೊಗೆಯ ಗೆರೆ ಟ್ಯಾಂಕಿಗೆ ಹೊಂದುವ ವಿನ್ಯಾಸ.

ಅಕ್ಷರ

ಜಿಲ್ಲೆಯ ಗಾಡಿಗಳಲ್ಲಿ ಚಿತ್ರಕ್ಕಿಂತ ಅಕ್ಷರ ಹೆಚ್ಚು. ಮಕ್ಕಳ ಹೆಸರು, ಮನೆದೇವರ ಹೆಸರು, ‘ಅವ್ವ–ಅಪ್ಪನ ಆಶೀರ್ವಾದ’, ಮರಾಠಿಯ ‘ಆಯಿ–ಬಾಬಾ’, ಉರ್ದುವಿನ ‘ಮಾ ಕೀ ದುವಾ’ ಬಗೆಯವು ಸಾಮಾನ್ಯ. ಲಿಪಿಗಳು ಜಾಗವನ್ನು ಬೇರೆ ಬೇರೆ ರೀತಿ ಕೇಳುತ್ತವೆ. ದೇವನಾಗರಿಗೆ ತಲೆಗೆರೆ ಇರುವುದರಿಂದ ಅದು ಟ್ಯಾಂಕಿನ ಅಂಚುಗೆರೆಗೆ ತಾನೇ ಜೋತುಬೀಳುತ್ತದೆ. ಉರ್ದುವಿನ ನಸ್ತಾಲೀಕ್ ಬಲದಿಂದ ಎಡಕ್ಕೆ ಇಳಿಯುವ ಬರಹ. ಟ್ಯಾಂಕಿನ ಬಲಬದಿಯಲ್ಲಿ ಮುಂದಿನಿಂದ ಹಿಂದಕ್ಕೆ ಇಳಿದು ಟ್ಯಾಂಕಿನ ಇಳಿಜಾರಿಗೆ ಹೊಂದಿ, ಎಡಬದಿಯಲ್ಲಿ ಹಿಂದಿನಿಂದ ಮುಂದಕ್ಕೆ ಇಳಿದು ಅದಕ್ಕೆ ಎದುರಾಗುವ ತೊಡಕು ಅದಕ್ಕಿದೆ. ಕನ್ನಡದ ಸಮಸ್ಯೆ ಒತ್ತಕ್ಷರ. ‘ಬಸವಣ್ಣ’, ‘ಮಲ್ಲಣ್ಣ’ ಬರೆದರೆ ಒತ್ತುಗಳು ಸಾಲಿನ ಕೆಳಗೆ ಇಳಿದು ಎತ್ತರ ಬೇಡುತ್ತವೆ. ಪಕ್ಕದ ಡಬ್ಬಿಯ ಸಣ್ಣ ಪಟ್ಟಿಯಲ್ಲಿ ಅವು ಅಂಚಿಗೆ ತಾಗುತ್ತವೆ. ಒತ್ತನ್ನು ಕುಗ್ಗಿಸುವ ಬದಲು ಬಲಕ್ಕೆ ಸರಿಸಿ ಬಾಲದಂತೆ ಎಳೆಯುವುದು ಹಳೆಯ ಬೋರ್ಡ್ ಪೇಂಟರುಗಳ ಉಪಾಯ. ಸ್ಟಿಕರ್ ಅಂಗಡಿಯ ಕಂಪ್ಯೂಟರಿನ ಅಕ್ಷರಮಾದರಿಗೆ ಈ ಉಪಾಯ ಗೊತ್ತಿಲ್ಲ.

ಬಳಕೆ

ಚಿತ್ರ ಹಾಕಿಸುವವರಲ್ಲಿ ಹಳೆಯ ಬುಲೆಟ್, ಯೆಜ್ಡಿ ಪ್ರಿಯರು, ಕಾಲೇಜು ಹುಡುಗರು, ಮಗನಿಗೆ ಹೊಸ ಗಾಡಿ ಕೊಡಿಸಿದ ಮನೆಯವರು ಸೇರುತ್ತಾರೆ. ಬಣ್ಣದ ಕೆಲಸಕ್ಕೆ ದಸರೆಯ ಮುಂಚಿನ ವಾರಗಳು ಬಿಡುವಿಲ್ಲದ ಕಾಲ. ಆಯುಧಪೂಜೆಗೆ ಗಾಡಿ ಹೊಸದಾಗಿ ಕಾಣಬೇಕು. ಪೂಜೆಯ ಅರಿಶಿನ, ಕುಂಕುಮ ಮ್ಯಾಟ್ ಲೇಪದ ರಂಧ್ರಗಳಲ್ಲಿ ಕಲೆ ಬಿಡುತ್ತವೆ. ಮೈಲಾರ ಮಲ್ಲಣ್ಣನ ಜಾತ್ರೆಯಲ್ಲಿ ತೂರುವ ಭಂಡಾರಕ್ಕೂ (ಅರಿಶಿನದ ಪುಡಿ) ಇದೇ ಮಾತು. ಮಿರುಗುವ ಲೇಪವಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಕಾನೂನು

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ಗಾಡಿಗೆ ಹೊಂದಬೇಕು. ಬಣ್ಣವೂ ಆ ವಿವರಗಳಲ್ಲಿ ಒಂದು. ಇಡೀ ಗಾಡಿಯ ಬಣ್ಣ ಬದಲಿಸಿದರೆ ಆರ್‌ಟಿಓ ಕಚೇರಿಯಲ್ಲಿ ನೋಂದಣಿ ಪತ್ರವನ್ನು ತಿದ್ದಿಸಿಕೊಳ್ಳಬೇಕು. ಬೀದರಿನ ಸಂಕೇತ ಕೆಎ 38, ಭಾಲ್ಕಿಯದು ಕೆಎ 39. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಆಲಿವ್ ಹಸಿರು ಬಣ್ಣವನ್ನು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲಿಟ್ಟಿದೆ. ಸೈನ್ಯದ ಬುಲೆಟ್ಟಿನಂತೆ ಕಾಣಬೇಕೆಂದು ಆ ಬಣ್ಣ ಹಾಕಿಸುವವರು ಇದನ್ನು ಸಾಮಾನ್ಯವಾಗಿ ಮರೆಯುತ್ತಾರೆ. ರಾಷ್ಟ್ರಲಾಂಛನದ ಸಿಂಹಗಳನ್ನು ಖಾಸಗಿ ವಾಹನದ ಮೇಲೆ ಬಳಸುವಂತಿಲ್ಲ (2005ರ ಕಾಯ್ದೆ). ವಾಹನದ ಮೈಗೆ ರಾಷ್ಟ್ರಧ್ವಜ ಹೊದಿಸುವುದನ್ನು 2002ರ ಧ್ವಜ ಸಂಹಿತೆ ತಡೆಯುತ್ತದೆ. ತ್ರಿವರ್ಣವನ್ನು ಬಿಡಿ ಪಟ್ಟೆಗಳಾಗಿ ಬಳಸುವ ಪದ್ಧತಿ ಬೆಳೆದದ್ದು ಈ ಹಿನ್ನೆಲೆಯಲ್ಲಿ. ನಂಬರ್ ಪ್ಲೇಟಿನ ಮೇಲೆ ಚಿತ್ರ, ಬಳುಕುವ ಅಂಕಿ, ದೇವರ ಹೆಸರು ಯಾವುದಕ್ಕೂ ಅವಕಾಶವಿಲ್ಲ. 2019ರ ಏಪ್ರಿಲ್ 1ಕ್ಕಿಂತ ಹಿಂದಿನ ಗಾಡಿಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಹಾಕಿಸಬೇಕೆಂದು ಕರ್ನಾಟಕ ಸರಕಾರ 2023ರಲ್ಲಿ ಆದೇಶಿಸಿದ ಬಳಿಕ ಪ್ಲೇಟ್ ಬರೆಯುವ ಕೆಲಸವೂ ಪೇಂಟರುಗಳ ಕೈತಪ್ಪಿತು.

ಸದ್ಯದ ಸ್ಥಿತಿ

ಏರ್‌ಬ್ರಷ್ ಕೆಲಸಕ್ಕೆ ದಿನಗಳು ಬೇಕು. ಸ್ಟಿಕರಿಗೆ ಗಂಟೆ ಸಾಕು. ಸ್ಟಿಕರಿನ ಅಂಚು ಬಿಸಿಲಿಗೆ ಸುರುಳಿ ಸುತ್ತಿ ಮೇಲೇಳುತ್ತದೆ, ಉಬ್ಬಿನ ಮೇಲೆ ಸುಕ್ಕಾಗುತ್ತದೆ. ಆದರೂ ಬೇಸರವಾದಾಗ ಕಿತ್ತುಹಾಕಬಹುದು, ಗಾಡಿ ಮಾರುವಾಗ ಮೂಲ ಬಣ್ಣ ಹಾಗೇ ಉಳಿದಿರುತ್ತದೆ ಎಂಬ ಲೆಕ್ಕಾಚಾರ ಸ್ಟಿಕರಿನ ಕಡೆಗೇ ತೂಗುತ್ತದೆ. ಇಡೀ ಮೈಗೆ ವಿನೈಲ್ ಹೊದಿಸುವ ಕೆಲಸವೂ ಈಚೆಗೆ ಬಂದಿದೆ. ಭಾಲ್ಕಿ ಮತ್ತು ಔರಾದ್ ಪಟ್ಟಣಗಳು ಬೀದರಿನಿಂದ 40 ಕಿ.ಮೀ. ಆಸುಪಾಸಿನಲ್ಲಿವೆ, ಬೀದರಿಗೆ ಹತ್ತಿರದ ದೊಡ್ಡ ಮಾರುಕಟ್ಟೆ ಬೆಂಗಳೂರಲ್ಲ, ಸುಮಾರು 140 ಕಿ.ಮೀ. ದೂರದ ಹೈದರಾಬಾದ್. ಟ್ಯಾಂಕು, ಪಕ್ಕದ ಡಬ್ಬಿಗಳು ಬಿಚ್ಚಿ ಕಳಿಸಬಹುದಾದ ಭಾಗಗಳಾದ್ದರಿಂದ ಸೂಕ್ಷ್ಮ ವ್ಯಕ್ತಿಚಿತ್ರದ ಕೆಲಸ ಸಹಜವಾಗಿ ದೊಡ್ಡ ಊರುಗಳತ್ತ ಸರಿಯುತ್ತದೆ. ನೆಗ್ಗು ತೆಗೆಯುವುದು, ನೆಲ ಹಾಕುವುದು, ಅಂಚುಗೆರೆ, ಅಕ್ಷರಗಳು ಊರಿನ ಪೇಂಟರನ ಪಾಲಿಗೆ ಉಳಿಯುತ್ತವೆ. ಬಿದ್ರಿ ಕಲಿತ ಕೈಗಳೂ ವಾಹನಕ್ಕೆ ಬಣ್ಣ ಹಾಕುವ ಕೈಗಳೂ ಒಂದೇ ನಗರದಲ್ಲಿದ್ದರೂ ಎರಡು ಕಸುಬುಗಳಿಗೆ ಬೇರೆ ಬೇರೆ ಓಣಿ, ಬೇರೆ ಬೇರೆ ಗಿರಾಕಿ, ಬೇರೆ ಬೇರೆ ಉಸ್ತಾದರು.